ಗಾಜಕ್ಕ ಮುಚ್ಚಿದ ಕಿಟಕಿ

ಆ ಬಡಾವಣೆಯಲ್ಲಿ ಯಾರ ಮನೆಯ ಕಿಟಕಿ ಒಡೆದರೂ ಮೊದಲು ಬರುತ್ತಿದ್ದ ಮಾತು, "ಗಾಜಕ್ಕನಿಗೆ ಫೋನ್ ಮಾಡಿ." ಅವಳ ಸ್ವಂತ ಹೆಸರು ಅಂಚೆಯವನಿಗೂ ಮರೆತುಹೋಗಿತ್ತು. ಮುಖ್ಯರಸ್ತೆ ತಿರುಗುವ ಮೂಲೆಯಲ್ಲಿ, ಔಷಧಿ ಅಂಗಡಿಯ ಪಕ್ಕದಲ್ಲೇ ಅವಳ ಅಂಗಡಿ. ಒಳಗೆ ಗೋಡೆಗೆ ಒರಗಿಸಿದ ಗಾಜಿನ ಹಾಳೆಗಳು, ನಡುವೆ ಹಳೆ ಕಂಬಳಿ ಹೊದಿಸಿದ ಅಗಲವಾದ ಮೇಜು, ಬಾಗಿಲ ಬಳಿ ಮಾರಾಟಕ್ಕೆ ಸಾಲಾಗಿ ನಿಲ್ಲಿಸಿದ ನಿಲುವುಗನ್ನಡಿಗಳು. ಒಳಗೆ ಕಾಲಿಟ್ಟವರು ಮೊದಲು ತಮ್ಮನ್ನೇ ಹತ್ತು ಕಡೆ ನೋಡಿಕೊಂಡು, ಕೂದಲು ಸರಿಮಾಡಿಕೊಂಡು, ಆಮೇಲೆ ಬಂದ ಕೆಲಸ ಹೇಳುತ್ತಿದ್ದರು.

ಕಸುಬು ಅವಳ ಮಾವನದು. ಗಂಡನಿಗೆ ಗಾಜು ಆಗಿಬರಲಿಲ್ಲ. ಒಂದೇ ವಾರದಲ್ಲಿ ಎರಡು ಹಾಳೆ ಒಡೆದು, ಅಂಗೈ ಕೊಯ್ದುಕೊಂಡು, "ಇದಕ್ಕೂ ನನಗೂ ಜಾತಕ ಕೂಡೋದಿಲ್ಲ" ಎಂದು ಕೈ ಝಾಡಿಸಿ ಎದ್ದವನು ದೂರದೂರಿನ ಬಸ್ಸಿನ ಸ್ಟೇರಿಂಗ್ ಹಿಡಿದ. ಮಾವನ ಕೈ ನಡುಗಲು ಶುರುವಾದಾಗ ಹಾಳೆಯ ಇನ್ನೊಂದು ತುದಿ ಹಿಡಿಯಲು ಸೊಸೆ ಬಂದಳು. ತುದಿ ಹಿಡಿದವಳು ಕ್ರಮೇಣ ಅಳತೆಪಟ್ಟಿ ಹಿಡಿದಳು, ಕೊನೆಗೆ ವಜ್ರದ ಮೊನೆಯ ಕಟರನ್ನೂ ಹಿಡಿದಳು.

"ಗಾಜನ್ನ ನಾವು ಕೊಯ್ಯೋದಲ್ಲಮ್ಮ," ಎಂದು ಮಾವ ಮೊದಲ ದಿನವೇ ಹೇಳಿಕೊಟ್ಟಿದ್ದ. "ಗೀರು ಹಾಕಿ ದಾರಿ ತೋರಿಸೋದಷ್ಟೇ. ಒಡೆಯೋದು ಅದೇ ಒಡೆಯುತ್ತೆ."

ಈಗ ಮಾವನ ಕಣ್ಣಿಗೂ ಪೊರೆ ಬಂದಿತ್ತು. ಒಂದು ಕಣ್ಣಿನ ಆಪರೇಷನ್ ಕೈಕೊಟ್ಟಿತ್ತು, ಇನ್ನೊಂದನ್ನು ಮುಟ್ಟಲು ಅವನು ಯಾರನ್ನೂ ಬಿಟ್ಟಿರಲಿಲ್ಲ. ಬೆಳಕು, ನೆರಳು ಗೊತ್ತಾಗುತ್ತಿತ್ತು, ಮುಖ ಗೊತ್ತಾಗುತ್ತಿರಲಿಲ್ಲ. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಬಂದವರನ್ನು ಹೆಜ್ಜೆ ಸದ್ದಿನಲ್ಲೇ ಗುರುತು ಹಿಡಿದು ಮಾತಾಡಿಸುವುದು ಅವನ ಕೆಲಸ. ತಪ್ಪಾದರೆ, "ಚಪ್ಪಲಿ ಬದಲಾಯಿಸಿದ್ರೆ ಹೇಳಬಾರದಾ?" ಎಂದು ಬಂದವರನ್ನೇ ಗದರುತ್ತಿದ್ದ.

ಬಡಾವಣೆಗೆ ಜಿಂಕೆ ಬಂದದ್ದು ಹೀಗೆ. ಗುಡ್ಡದ ಕುರುಚಲು ಕಾಡಿನವರೆಗೂ ಮನೆಗಳು ಎದ್ದವು. ಪ್ರತಿ ಮನೆಯ ಮುಂದೂ ಹುಲ್ಲು, ಹುಲ್ಲಿಗೆ ದಿನಾ ನೀರು. ಬೀದಿನಾಯಿಗಳ ಕಾಟ ಹೆಚ್ಚಾಯಿತೆಂದು ಜನ ದೂರು ಕೊಟ್ಟು ನಾಯಿಗಳನ್ನು ಸಾಗಿಸಿದರು. ಗುಡ್ಡದಲ್ಲಿ ಬೇಟೆಯಾಡುವ ಮೃಗಗಳೂ ಉಳಿದಿರಲಿಲ್ಲ, ಕೋವಿ ಹಿಡಿದವರೂ ಉಳಿದಿರಲಿಲ್ಲ. ಮೊದಲು ಒಂದು ಬಂದಾಗ ಸಂಭ್ರಮವೋ ಸಂಭ್ರಮ, ಮಕ್ಕಳನ್ನು ಎತ್ತಿ ತೋರಿಸಿದ್ದೇ ತೋರಿಸಿದ್ದು. ವರ್ಷ ಕಳೆಯುವುದರೊಳಗೆ ಬೆಳಗ್ಗೆ ಹಾಲು ತರಲು ಹೋದವರು ಬಸ್ ನಿಲ್ದಾಣದ ಸೂರಿನ ಕೆಳಗೆ ಮಲಗಿದ ಹಿಂಡನ್ನು ಸುತ್ತಿಕೊಂಡು ಹೋಗಬೇಕಾಯಿತು. ಹಾರ್ನ್ ಹೊಡೆದರೆ ಅವು ಓಡುತ್ತಿರಲಿಲ್ಲ. ತಲೆಯೆತ್ತಿ ನೋಡುತ್ತಿದ್ದವು, ಅಷ್ಟೇ.

ಗುಲಾಬಿ ಗಿಡ ಹೋದದ್ದಕ್ಕೆ ಜನ ಬೈದುಕೊಂಡರು. ಕಿಟಕಿಗೆ ಬಂದದ್ದಕ್ಕೆ ಮಾತ್ರ ಯಾಕೋ ದನಿ ತಗ್ಗಿಸಿ ಮಾತಾಡಿದರು. ಮೇಯುವುದನ್ನು ಬಿಟ್ಟು ಬಂದು ಗಾಜಿಗೆ ಮೂತಿ ಹಚ್ಚಿ, ಮೆಲುಕು ಹಾಕುತ್ತಾ, ಒಳಗಿನವರು ಊಟ ಮಾಡುವುದನ್ನೂ ಮಗುವಿಗೆ ಬಟ್ಟೆ ತೊಡಿಸುವುದನ್ನೂ ನೋಡುತ್ತಾ ನಿಲ್ಲುತ್ತಿದ್ದವು. ಪರದೆ ಎಳೆದರೂ ಹೋಗುತ್ತಿರಲಿಲ್ಲ. ಪರದೆಯ ಕೆಳಗೆ ಕಾಲುಗಳು ಕಾಣುತ್ತಿದ್ದವು.

ಗಾಜಕ್ಕನಿಗೆ ಕೈತುಂಬ ಕೆಲಸ. ಬೆದೆಯ ಕಾಲದಲ್ಲಿ ಗಂಡು ಜಿಂಕೆಗಳು ಗಾಜಿನಲ್ಲಿ ತಮ್ಮದೇ ರೂಪ ಕಂಡು, ಎದುರಾಳಿ ಎಂದುಕೊಂಡು ಕೊಂಬು ತಗ್ಗಿಸಿ ನುಗ್ಗುತ್ತಿದ್ದವು. ಔಷಧಿ ಅಂಗಡಿಯವನು, "ನಿನಗೂ ಜಿಂಕೆಗಳಿಗೂ ಏನೋ ಒಳಒಪ್ಪಂದ ಇದೆ ಅಕ್ಕ" ಎಂದು ನಗುತ್ತಿದ್ದ. "ಹೌದು, ಒಡೆದಿದ್ದಕ್ಕೆಲ್ಲ ಕಮಿಷನ್ ಕೇಳ್ತಾವೆ," ಎಂದು ಅವಳೂ ನಗುತ್ತಿದ್ದಳು.

ಬೆದೆಯ ಕಾಲ ಮುಗಿದು, ಚಳಿ ಕಳೆದು, ಬಿಸಿಲು ಏರುತ್ತಿದ್ದ ದಿನಗಳಲ್ಲಿ ಬಿಲ್ಡರ್ ಕಡೆಯ ಸೂಪರ್‌ವೈಸರ್ ಅವಳನ್ನು ಕರೆದ. ಗುಡ್ಡದ ಬುಡದಲ್ಲಿ ಕಟ್ಟಿ ಮುಗಿಸಿದ, ಇನ್ನೂ ಮಾರಾಟವಾಗದ ಮನೆಗಳ ಒಂದು ಸಾಲಿತ್ತು. ಅದರಲ್ಲಿ ಕಡೆಯ ಮನೆ. ಹಿಂಬಾಗಿಲ ಪಕ್ಕ ನೆಲದವರೆಗೂ ಇಳಿದ ಕಿಟಕಿಯ ಗಾಜು ಹೋಗಿತ್ತು.

"ಯಾವಾಗ ಒಡೆದಿದ್ದು ಸಾರ್?"

"ಯಾರಿಗೆ ಗೊತ್ತು ಅಕ್ಕ. ತಿಂಗಳುಗಳೇ ಆಗಿರಬೇಕು. ಮನೆ ನೋಡೋಕೆ ಪಾರ್ಟಿ ಬರ್ತಿದ್ದಾರೆ, ಇವತ್ತೇ ಮುಚ್ಚಿಬಿಡಿ."

ಅವನು ಮುಂಬಾಗಿಲ ಬೀಗ ತೆಗೆದುಕೊಟ್ಟು ಕಾರಿನಲ್ಲಿ ಕೂತು ಫೋನಿಗೆ ಅಂಟಿಕೊಂಡ. ಗಾಜು ಹೊತ್ತು ತಂದ ಇಬ್ಬರು ಅದನ್ನು ಗೋಡೆಗೆ ಒರಗಿಸಿ ಹೋದರು. ಮಧ್ಯಾಹ್ನದ ಹೊತ್ತು. ಖಾಲಿ ಮನೆ ಸುಣ್ಣಬಣ್ಣದ ವಾಸನೆ ಹೊಡೆಯಬೇಕಿತ್ತು; ಬೆಚ್ಚಗಿನ ಕೊಟ್ಟಿಗೆಯ ವಾಸನೆ ಹೊಡೆಯುತ್ತಿತ್ತು. ಟೈಲ್ಸ್ ಮೇಲೆ ಹಿಕ್ಕೆ. ಚೌಕಟ್ಟಿನಲ್ಲಿ ಹಲ್ಲಿನಂತೆ ಉಳಿದಿದ್ದ ಒಡಕು ಗಾಜಿನ ಮೊನೆಯಲ್ಲಿ ಕಂದು ಕೂದಲು, ಅದರ ಬುಡಕ್ಕೆ ಒಣಗಿದ ರಕ್ತ. ಅವಳು ಕೈಗವಸು ತೊಟ್ಟು ಒಂದೊಂದೇ ಚೂರನ್ನು ಕಿತ್ತಳು, ಹಳೆಯ ರಬ್ಬರ್ ಪಟ್ಟಿ ಎಳೆದು ತೆಗೆದಳು, ಚೌಕಟ್ಟು ಒರೆಸಿದಳು.

ಆಗ ಮೇಲಿನ ಮಹಡಿಯಿಂದ ಒಂದು ಸದ್ದು ಬಂತು. ಒದ್ದೆ ಬೆರಳಿನಿಂದ ಗಾಜು ಉಜ್ಜಿದಂಥ ಸಣ್ಣ, ತೆಳ್ಳನೆಯ ಸದ್ದು. ಅವಳು ಕೈ ನಿಲ್ಲಿಸಿದಳು. ಮತ್ತೆ ಬರಲಿಲ್ಲ.

"ಸಾರ್, ಮೇಲೆ ಏನೋ ಸದ್ದಾಯ್ತು."

"ಗಾಳಿ ಅಕ್ಕ," ಎಂದು ಅವನು ಕಾರಿನಿಂದಲೇ ಕೂಗಿದ. "ಬಾಗಿಲು ಕಿರುಗುಟ್ಟುತ್ತೆ. ಬೇಗ ಮುಗಿಸಿ, ನಾನು ಇನ್ನೊಂದು ಕಡೆ ಹೋಗಬೇಕು."

ಗಾಳಿ ಇರಲಿಲ್ಲ. ಅಂಗಳದ ಹುಲ್ಲು ಅಲುಗುತ್ತಿರಲಿಲ್ಲ. ಮೆಟ್ಟಿಲ ಕಡೆ ಒಮ್ಮೆ ನೋಡಿದಳು. ಗಾಜಿನ ಅಂಚಿಗೆ ಹಚ್ಚುವ ಸಿಲಿಕೋನ್ ಅಂಟಿನ ಕೊಳವೆಯ ಮೂತಿ ಆಗಲೇ ಕೊಯ್ದಾಗಿತ್ತು. ಮೇಲೆ ಹೋಗಿ ಬರುವಷ್ಟರಲ್ಲಿ ಅದು ಗಟ್ಟಿಯಾಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೂ ಅದನ್ನೇ ನೆಪ ಮಾಡಿಕೊಂಡಳು. ಸೂಪರ್‌ವೈಸರನನ್ನು ಕೂಗಿ ಒಂದು ಕೈ ಕೊಡಿಸಿಕೊಂಡು ಗಾಜನ್ನು ಎತ್ತಿ ಕೂರಿಸಿದಳು, ಪಟ್ಟಿ ಒತ್ತಿದಳು, ಅಂಚುದ್ದಕ್ಕೂ ಸಿಲಿಕೋನ್ ಎಳೆದು ಬೆರಳಲ್ಲಿ ಸವರಿದಳು.

ಸವರುವಾಗ ಆಚೆ ಹುಲ್ಲಿನಂಚಿನಲ್ಲಿ ಒಂದು ಹೆಣ್ಣು ಜಿಂಕೆ ಕಂಡಿತು. ಎಡಗಿವಿ ತುದಿಯಿಂದ ಅರ್ಧದವರೆಗೆ ಸೀಳಿಹೋಗಿತ್ತು. ಅದು ಅವಳನ್ನು ನೋಡುತ್ತಿರಲಿಲ್ಲ. ಅವಳ ತಲೆಯ ಮೇಲೆ, ಮಹಡಿಯ ಕಿಟಕಿಯನ್ನು ನೋಡುತ್ತಿತ್ತು.

ಮರುದಿನ ಬೇರೊಂದು ಬೀದಿಯಲ್ಲಿ ಅಡುಗೆಮನೆಯ ಕಿಟಕಿ ಕೂರಿಸಿ ಹೊರಗೆ ಬಂದರೆ, ಅವಳ ಗಾಡಿಯ ಹಿಂದೆ ಅದೇ ಸೀಳುಗಿವಿ ನಿಂತಿತ್ತು. ಬೀದಿ ತುಂಬ ಜಿಂಕೆಗಳೇ ಇದ್ದ ಊರಲ್ಲಿ ಇದೇನು ದೊಡ್ಡದು ಎಂದು "ಹುಶ್" ಎಂದಳು. ಅದು ಎರಡು ಹೆಜ್ಜೆ ಸರಿಯಿತು. ಗಾಡಿ ಹೊರಟಾಗ ಪಕ್ಕದ ಕನ್ನಡಿಯಲ್ಲಿ ನೋಡಿದಳು. ಅದು ರಸ್ತೆಯ ನಡುವೆ, ಓಡದೆ, ನಿಧಾನವಾಗಿ ಇವಳ ಹಿಂದೆಯೇ ನಡೆದು ಬರುತ್ತಿತ್ತು.

ಮಾರನೆಯ ದಿನ ಮಧ್ಯಾಹ್ನ ಅಂಗಡಿಯಲ್ಲಿ ಅವಳು ಮೇಜಿನ ಮೇಲೆ ಬಾಗಿ ಅಳತೆ ಹಾಕುತ್ತಿದ್ದಳು.

"ಯಾರೋ ಗಿರಾಕಿ ಬಂದಿದ್ದಾರೆ ನೋಡಮ್ಮ," ಎಂದ ಮಾವ. "ಆಗಿನಿಂದ ನಿಂತಿದ್ದಾರೆ. ಮಾತಾಡಿಸಿದೆ, ಮಾತೇ ಆಡ್ತಿಲ್ಲ."

ಅವಳು ತಲೆಯೆತ್ತಿದಳು. ಅಂಗಡಿ ತುಂಬ ಜಿಂಕೆ. ಒಂದೊಂದು ಕನ್ನಡಿಯಲ್ಲೂ ಒಂದೊಂದು. ಕೆಲವು ಎದುರಿಂದ, ಕೆಲವು ಪಕ್ಕದಿಂದ, ಎಲ್ಲದರ ಎಡಗಿವಿಯೂ ಸೀಳಿತ್ತು. ನಿಜವಾದದ್ದು ಯಾವುದೆಂದು ಹುಡುಕಲು ಅವಳಿಗೆ ಕ್ಷಣ ಹಿಡಿಯಿತು. ಅದು ಮಾವನ ಸ್ಟೂಲಿನ ಪಕ್ಕದಲ್ಲೇ, ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರ ನಿಂತು, ಒಂದು ಕನ್ನಡಿಯಿಂದ ಇನ್ನೊಂದಕ್ಕೆ ತಲೆ ತಿರುಗಿಸಿ, ಪ್ರತಿಯೊಂದರ ಒಳಗೂ ಇಣುಕುತ್ತಿತ್ತು. ಗಂಡು ಜಿಂಕೆಗಳ ಹಾಗೆ ತನ್ನ ರೂಪದ ಮೇಲೆ ಎರಗಲಿಲ್ಲ. ತನ್ನ ರೂಪದ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡುವ ಹಾಗಿತ್ತು.

"ಮಾವ, ಅಲುಗಬೇಡಿ."

"ಯಾಕೆ, ಯಾರು?"

"ಜಿಂಕೆ."

ಮಾವ ಕೂತಲ್ಲೇ ಕಲ್ಲಾದ. ಅದು ಕೊನೆಯ ಕನ್ನಡಿಯನ್ನೂ ನೋಡಿ ಮುಗಿಸಿ, ಬಂದ ಹಾಗೆಯೇ ತಿರುಗಿ ಹೊಸ್ತಿಲು ದಾಟಿ ಹೋಯಿತು. ಒಂದು ಗಾಜಿಗೂ ತಾಗಲಿಲ್ಲ.

ನೆಲದ ಮೇಲೆ ಹನಿಹನಿಯಾಗಿ ಏನೋ ಬಿದ್ದಿತ್ತು. ಉಚ್ಚೆ ಎಂದುಕೊಂಡು ಬಟ್ಟೆ ತಂದು ಬಗ್ಗಿದಳು. ಹನಿಗಳು ಬೆಳ್ಳಗಿದ್ದವು. ಅವಳೂ ಒಂದು ಮಗುವನ್ನು ಹೆತ್ತು ಸಾಕಿದವಳು. ಮಗಳು ಈಗ ಕಾಲೇಜಿನ ಹಾಸ್ಟೆಲಿನಲ್ಲಿದ್ದಳು. ಎದೆ ಕಟ್ಟಿ, ಹಾಲು ತಾನಾಗಿಯೇ ಸೋರಿ ರವಿಕೆ ಒದ್ದೆಯಾಗುತ್ತಿದ್ದ ದಿನಗಳು ಅವಳಿಗೆ ಮರೆತಿರಲಿಲ್ಲ. ಬಟ್ಟೆ ಕೈಯಲ್ಲೇ ಉಳಿಯಿತು.

"ಮಾವ, ಮೊನ್ನೆ ಆ ಮನೆಯಲ್ಲಿ ಮೇಲೆ ಸದ್ದಾಗಿತ್ತು."

"ಯಾವ ಮನೆ? ಎಂಥ ಸದ್ದು?"

ಹೇಳಿದಳು. ಮಾವ ಅವಳ ಕಡೆ ಮುಖ ತಿರುಗಿಸಿದ.

"ಹತ್ತಿ ನೋಡಲಿಲ್ವಾ?"

"ಇಲ್ಲ."

ಅವನು ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವನು ಗೋಡೆ ತಡವಿ ಎದ್ದು, ಮೊಳೆಗೆ ನೇತುಹಾಕಿದ್ದ ತನ್ನ ಹಳೆಯ ಕೈಗವಸುಗಳನ್ನು ತೆಗೆದುಕೊಂಡ.

ಸೂಪರ್‌ವೈಸರ್‌ಗೆ ಫೋನ್ ಮಾಡಿದರೆ ನಕ್ಕ. "ಅಕ್ಕಾ, ಜಿಂಕೆ ಮಹಡಿ ಹತ್ತುತ್ತಾ? ಬೀಗದ ಕೈ ಆಫೀಸಲ್ಲಿದೆ, ನಾನು ಊರಲ್ಲಿಲ್ಲ. ಪಾರ್ಟಿ ಬಂದಾಗ ಹೇಗೂ ತೆಗೀತೀವಲ್ಲ."

"ಅಷ್ಟು ದಿನ ತಡೆಯಲ್ಲ ಸಾರ್."

"ಏನು ತಡೆಯಲ್ಲ?" ಎಂದು ಅವನು ಕೇಳುವಷ್ಟರಲ್ಲಿ ಅವಳು ಫೋನ್ ಇಟ್ಟಿದ್ದಳು. ಗಾಜು ಕೂರಿಸಿದವಳಿಗೆ ಅದನ್ನು ತೆಗೆಯಲು ಬೀಗದ ಕೈ ಬೇಕಿರಲಿಲ್ಲ.

ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಾಡಿ ಹೊರಡಿಸಿದಳು. ಮೋಡ ಕವಿದು ಬೆಳಕು ಮಂಕಾಗಿತ್ತು. ಗುಡ್ಡದ ಬುಡದ ಆ ಬೀದಿಗೆ ತಿರುಗಿದಾಗ ಅವಳ ಕಾಲು ತಾನಾಗಿಯೇ ಬ್ರೇಕ್ ಒತ್ತಿತು. ಖಾಲಿ ಮನೆಗಳ ಮುಂದೆ, ರಸ್ತೆಯ ಎರಡೂ ಬದಿಗೆ, ಮೆಟ್ಟಿಲ ಮೇಲೆ, ಗೇಟಿನ ಒಳಗೆ, ಸಾವಿನ ಮನೆಯ ಮುಂದೆ ಜನ ಕೂರುವಂತೆ ಜಿಂಕೆಗಳು ಮಲಗಿದ್ದವು. ಒಂದೂ ಮೇಯುತ್ತಿರಲಿಲ್ಲ. ಎಲ್ಲವೂ ಕಡೆಯ ಮನೆಯ ಕಡೆಗೆ ಮುಖ ಮಾಡಿದ್ದವು.

ಹಿತ್ತಿಲಿಗೆ ನಡೆಯುವಾಗ ಮಾವ ಅವಳ ತೋಳು ಹಿಡಿದಿದ್ದ. "ಎಷ್ಟು ಜನ ನಿಂತಿದ್ದಾರಮ್ಮ ಇಲ್ಲಿ?" ಎಂದು ಮೆಲ್ಲಗೆ ಕೇಳಿದ.

"ಜನ ಯಾರೂ ಇಲ್ಲ ಮಾವ."

"ಇದ್ದಾರೆ. ಉಸಿರು ಕೇಳಿಸ್ತಿದೆ."

ಅವಳು ಚಾಕುವಿನಿಂದ ಸಿಲಿಕೋನ್ ಸೀಳಿದಳು. ಅಚ್ಚುಕಟ್ಟಾಗಿ ಮಾಡಿದ್ದ ಕೆಲಸ, ಬಿಡಲೊಲ್ಲದು. ಬಗ್ಗಿ, ಮಂಡಿಯೂರಿ, ಅಂಚಿನುದ್ದಕ್ಕೂ ಸೀಳಿ, ರಬ್ಬರ್ ಪಟ್ಟಿಯನ್ನು ಎಳೆದಳು. ಗಾಜಿಗೆ ಕಚ್ಚಿ ಹಿಡಿಯುವ ರಬ್ಬರ್ ಹಿಡಿಕೆಗಳಲ್ಲಿ ಒಂದನ್ನು ಮಾವನ ಕೈಗೆ ಕೊಟ್ಟಳು. ಮಾವನ ಕೈ ನಡುಗುತ್ತಲೇ ಇತ್ತು. ಗಾಜಿನ ಭಾರ ಬಿದ್ದ ಕೂಡಲೇ ನಡುಕ ನಿಂತಿತು. "ನನ್ನ ಕಡೆ ಸ್ವಲ್ಪ ವಾಲಿಸು. ಹಾಂ. ಈಗ ಎತ್ತು," ಎಂದ. ಇಬ್ಬರೂ ಅದನ್ನು ಎತ್ತಿ ಗೋಡೆಗೆ ಒರಗಿಸಿದರು.

ಅವಳು ಒಳಗೆ ಕಾಲಿಡುವ ಮೊದಲೇ ಸೀಳುಗಿವಿ ಅವಳನ್ನು ಸವರಿಕೊಂಡು ಒಳಗೆ ಹೋಯಿತು. ಟೈಲ್ಸ್ ಮೇಲೆ ಗೊರಸಿನ ಟಕಟಕ. ಎಲ್ಲೂ ಜಾರದೆ, ಎಲ್ಲೂ ತಡೆಯದೆ, ಮನೆಯೊಡತಿಯ ಹಾಗೆ ಅದು ಹಜಾರ ದಾಟಿ ಮೆಟ್ಟಿಲು ಹತ್ತಿತು. ತಿರುವಿನಲ್ಲಿ ಗೋಡೆಯ ಬಣ್ಣ ಅದರ ಮೈಯ ಎತ್ತರಕ್ಕೆ ಸರಿಯಾಗಿ ಉಜ್ಜಿ ಹೋಗಿತ್ತು. ತಿಂಗಳುಗಟ್ಟಲೆ ಹತ್ತಿ ಇಳಿದ ಗುರುತು.

ಅವಳು ಹಿಂದೆಯೇ ಹತ್ತಿದಳು. ಮಲಗುವ ಕೋಣೆ. ಮೂಲೆಯಲ್ಲಿ ಒಣಹುಲ್ಲು, ಎಲೆ, ಹರಿದ ಸಿಮೆಂಟ್ ಚೀಲ ತುಳಿದು ಹಾಸಿಗೆಯಂತಾಗಿತ್ತು. ಕಿಟಕಿಯ ಗಾಜಿನ ಕೆಳಭಾಗ ಪೂರ್ತಿ ನಾಲಿಗೆಯ ಗೆರೆಗಳು. ಗಾಜಿನ ಒಳಮೈಗೆ ಕಟ್ಟಿದ ಉಸಿರಿನ ಪಸೆಯನ್ನು ನೆಕ್ಕಿ ನೆಕ್ಕಿ ಒಣಗಿದ ಗೆರೆಗಳು. ಅದರ ಕೆಳಗೆ ಒಂದು ಮರಿ, ಚುಕ್ಕೆ ಮೈ, ಕುತ್ತಿಗೆ ಚಾಚಿ ಮಲಗಿತ್ತು. ಇನ್ನೊಂದು ಬಚ್ಚಲಿನ ಬಾಗಿಲಲ್ಲಿ, ನಾಲ್ಕೂ ಕಾಲು ಅಗಲಿಸಿ, ತೂಗಾಡುತ್ತಾ ನಿಂತಿತ್ತು.

ತಾಯಿ ಮೊದಲು ಮಲಗಿದ್ದರ ಬಳಿಗೆ ಹೋಯಿತು. ಮೂತಿಯಿಂದ ಕಾಲಿನವರೆಗೆ ನೆಕ್ಕಿತು. ಮೂಗಿನಿಂದ ತಳ್ಳಿತು. ಮತ್ತೆ ನೆಕ್ಕಿತು. ನಿಂತ ಮರಿ ತಾನೇ ತಡವರಿಸುತ್ತಾ ಬಂದು ಅದರ ಹೊಟ್ಟೆಯ ಕೆಳಗೆ ತಲೆ ತೂರಿಸಿತು. ಕೆಚ್ಚಲಿಗೆ ಗುದ್ದಿ ಗುದ್ದಿ ಕುಡಿಯುವ ಸದ್ದು ಆ ಖಾಲಿ ಕೋಣೆಯಲ್ಲಿ ಎಷ್ಟು ದೊಡ್ಡದಾಗಿ ಕೇಳಿಸಿತೆಂದರೆ ಗಾಜಕ್ಕ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಒಂದು ಕುಡಿಯುತ್ತಿದ್ದಷ್ಟು ಹೊತ್ತೂ ತಾಯಿ ಇನ್ನೊಂದನ್ನು ನೆಕ್ಕುತ್ತಲೇ ಇತ್ತು.

ಬಹಳ ಹೊತ್ತಿನ ಮೇಲೆ ಅದು ಬದುಕಿದ ಮರಿಯನ್ನು ಕರೆದುಕೊಂಡು ಇಳಿಯಿತು. ಒಳಗೆ ಬಂದು ಕೆಳಗೆ ಮೆಟ್ಟಿಲ ಕಂಬಿ ಹಿಡಿದು ನಿಂತಿದ್ದ ಮಾವನ ಮುಂಗೈಗೆ ಒದ್ದೆ ಮೂಗು ತಾಗಿತು. ಅವನು ಅಲುಗಾಡಲಿಲ್ಲ. ಗೊರಸಿನ ಸದ್ದು ಹೊರಗೆ ಹೋಗುವವರೆಗೂ ಕಿವಿಗೊಟ್ಟ.

"ಒಂದೇನಾ ಇದ್ದಿದ್ದು?"

"ಎರಡು, ಮಾವ," ಎಂದಳು ಹಿಂದೆಯೇ ಇಳಿದು ಬಂದ ಗಾಜಕ್ಕ.

ಅಷ್ಟರಲ್ಲಿ ತಾಯಿ ಮರಿಯನ್ನು ಹುಲ್ಲಿನಲ್ಲಿ ಬಿಟ್ಟು ಮತ್ತೆ ಒಳಗೆ ಬಂತು, ಅವರಿಬ್ಬರ ನಡುವೆಯೇ ಹಾದು ಮತ್ತೆ ಮೆಟ್ಟಿಲು ಹತ್ತಿತು. ಅವರು ಕಾದರು. ಅದು ಇಳಿಯಲಿಲ್ಲ. ಗಾಜನ್ನು ಗಾಡಿಗೇರಿಸಿ, ಕಿಟಕಿಯನ್ನು ತೆರೆದೇ ಬಿಟ್ಟು ಹೊರಟರು. ಬೀದಿಯಲ್ಲಿ ಮಲಗಿದ್ದ ಜಿಂಕೆಗಳು ಎದ್ದು ದಾರಿ ಬಿಟ್ಟವು.

ಆ ವಾರ ಗಂಡ ಮನೆಗೆ ಬಂದಾಗ ಊಟದ ಮುಂದೆ ಕೂತು ಎಲ್ಲವನ್ನೂ ಹೇಳಿದಳು. "ನೀನೇನು ಬೇಕಂತ ಮಾಡಿದ್ಯಾ? ಬಿಡು, ತಲೆ ಕೆಡಿಸ್ಕೋಬೇಡ," ಎಂದ ಅವನು.

"ಸದ್ದು ಕೇಳಿಸಿತ್ತು ರೀ."

ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲೇ ಇಟ್ಟು ಅವಳನ್ನು ನೋಡಿದ.

ಸೂಪರ್‌ವೈಸರ್ ಊರಿಂದ ಬಂದವನೇ ಅಂಗಡಿಗೆ ನುಗ್ಗಿ ಕೂಗಾಡಿದ. ಯಾರನ್ನು ಕೇಳಿ ಗಾಜು ತೆಗೆದದ್ದು, ಪಾರ್ಟಿಗೆ ಏನು ಹೇಳಲಿ, ಇದು ಕಳ್ಳತನ ಎಂದೆಲ್ಲ. ಅವನ ಕೂಗಾಟ ಮುಗಿಯುವವರೆಗೂ ಅವಳು ಮೇಜು ಒರೆಸುತ್ತಿದ್ದಳು.

"ಸಾರ್, ಒಂದು ಸಲ ಮೇಲೆ ಹತ್ತಿ ನೋಡ್ಕೊಂಡು ಬನ್ನಿ. ಆಮೇಲೆ ಬೈಯಿರಿ."

ಸಂಜೆಗೆ ಅವನು ಮತ್ತೆ ಬಂದ. ಬಾಗಿಲಲ್ಲೇ ನಿಂತ. ಮುಖ ಬಿಳಿಚಿತ್ತು.

"ಅಕ್ಕ, ಅದು ಇನ್ನೂ ಅಲ್ಲೇ ನಿಂತಿದೆ," ಎಂದ. "ನಾನು ಹೋದ್ರೂ ಕದಲಲಿಲ್ಲ."

ನಗರಸಭೆಯವರು ಬಂದು ಸತ್ತ ಮರಿಯನ್ನು ಚೀಲದಲ್ಲಿ ಒಯ್ದರು. ಕಿಟಕಿಯನ್ನು ಬೇರೆ ಯಾರೋ ಬಂದು ಮುಚ್ಚಿದರು. ಬಿಲ್ಡರ್ ಕಡೆಯಿಂದ ಅವಳಿಗೆ ಮತ್ತೆ ಕರೆ ಬರಲಿಲ್ಲ. ಅದನ್ನು ಅವಳು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅಂದಿನಿಂದ ಖಾಲಿ ಮನೆಗೆ ಕೆಲಸಕ್ಕೆ ಹೋದರೆ ಮಾತ್ರ ಮೊದಲು ಎಲ್ಲ ಕೋಣೆಗಳಿಗೂ ಹೋಗಿ, "ಯಾರಾದ್ರೂ ಇದ್ದೀರಾ?" ಎಂದು ಗಟ್ಟಿಯಾಗಿ ಕೇಳಿ, ಸ್ವಲ್ಪ ಹೊತ್ತು ನಿಂತು, ಆಮೇಲೆ ಚೀಲ ಬಿಚ್ಚುತ್ತಿದ್ದಳು. ನೋಡಿದವರು ಗಾಜಕ್ಕ ಸ್ವಲ್ಪ ಲೂಸು ಎಂದುಕೊಂಡರು.

ಆ ಕಡೆಯ ಮನೆಯೂ ಮಾರಾಟವಾಯಿತು. ಗಂಡ, ಹೆಂಡತಿ, ಇಬ್ಬರು ಪುಟ್ಟ ಹುಡುಗಿಯರು. ಬಂದು ಕೆಲ ತಿಂಗಳಿಗೆ ಆ ಹೆಂಗಸು ಅಂಗಡಿಗೆ ಬಂದಳು.

"ಗಾಜಕ್ಕ, ನಮ್ಮನೆ ಹಿಂಬಾಗಿಲ ಪಕ್ಕ ಒಂದು ಉದ್ದ ಕಿಟಕಿ ಇದೆ. ಅಲ್ಲೊಂದು ಜಿಂಕೆ ಬಂದು ನಿಲ್ಲುತ್ತೆ. ಏನೂ ಮಾಡಲ್ಲ. ಮೇಲೆ ಮಕ್ಕಳ ಕೋಣೆ ಕಡೆ ನೋಡ್ತಾ ನಿಲ್ಲುತ್ತೆ. ಮಕ್ಕಳು ಇಳಿದು ಬಂದ್ರೆ ಮಕ್ಕಳನ್ನೇ ನೋಡುತ್ತೆ. ಕಾಣದ ಹಾಗೆ ಏನಾದ್ರೂ ಅಂಟಿಸೋಕಾಗುತ್ತಾ?"

"ಕಿವಿ ಹೇಗಿದೆ ಅದರದ್ದು?" ಎಂದು ಕೇಳಲು ಹೋಗಿ ಗಾಜಕ್ಕ ನುಂಗಿಕೊಂಡಳು. ಯಾವ ಕೋಣೆ ಎಂದೂ ಕೇಳಲಿಲ್ಲ. ಹೊಸ ಮನೆ, ಚಿಕ್ಕ ಮಕ್ಕಳು, ಹೇಳಿ ಆಗಬೇಕಾದ್ದೇನು? "ಮಬ್ಬು ಹಾಳೆ ಬರುತ್ತೆ, ಬೆಳಕು ಬರುತ್ತೆ, ರೂಪ ಕಾಣಲ್ಲ," ಎಂದಳು.

ಅವಳು ಹಾಳೆ ಅಂಟಿಸಲು ಹೋದ ದಿನವೂ ಅದು ಗಾಜಿಗೆ ಮೂತಿ ಹಚ್ಚಿ ನಿಂತಿತ್ತು. ಪಕ್ಕದಲ್ಲಿ ಮರಿ ಇರಲಿಲ್ಲ. ದೊಡ್ಡದಾಗಿ ತನ್ನ ದಾರಿ ಹಿಡಿದಿರಬೇಕು. ಅವಳು ಒಳಗಿನಿಂದ ಗಾಜಿಗೆ ಸೋಪಿನ ನೀರು ಸಿಂಪಡಿಸಿ, ಹಾಳೆಯ ಮೇಲಂಚನ್ನು ಅಂಟಿಸಿ, ರಬ್ಬರ್ ಪಟ್ಟಿಯಿಂದ ಗುಳ್ಳೆಗಳನ್ನು ಒತ್ತುತ್ತಾ ಕೆಳಗೆ ಇಳಿಸಿದಳು. ಮೊದಲು ಗುಡ್ಡ ಮಬ್ಬಾಯಿತು, ಆಮೇಲೆ ಸೀಳಿದ ಕಿವಿ, ಆಮೇಲೆ ಕಣ್ಣು. ಗಾಜಿನಾಚೆ ಉಳಿದದ್ದು ಒಂದು ಕಂದು ಬಣ್ಣದ ಕಲೆ. ಅದು ಅಲುಗಲಿಲ್ಲ.

ಹಿಂದೆ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದ ಕಿರಿಯ ಹುಡುಗಿ ಕೇಳಿದಳು. "ಆಂಟಿ, ಹೋಯ್ತಾ ಅದು?"

"ಹೋಯ್ತು ಮರಿ," ಎಂದಳು ಗಾಜಕ್ಕ. ಅಂದವಳು ಆ ಕಲೆಯ ಮೇಲೆ ಅಂಗೈಯಿಟ್ಟು, ಹಾಳೆಯನ್ನು ಇನ್ನೊಮ್ಮೆ ನಿಧಾನವಾಗಿ ಸವರಿದಳು. ಅಲ್ಲಿ ಗಾಜು ಬೆಚ್ಚಗಿತ್ತು.